ಡಿಪ್ಲೊಮಾದಿಂದ ಪದವಿಗೆ: ಮೂರನೆಯ ಸೆಮಿಸ್ಟರ್ ದಾಟಿಸುವ ನೆರವು



ಮಕ್ಕಳನ್ನು ಪಾಲಿಟೆಕ್ನಿಕ್‌ಗೆ ಸೇರಿಸಿದ ಅನೇಕ ತಂದೆತಾಯಿಯರು ನಮ್ಮನ್ನು ಕೇಳುವ ಪ್ರಶ್ನೆ ಒಂದೇ: “ಡಿಪ್ಲೊಮಾ ಮುಗಿಯಿತಲ್ಲ, ಇನ್ನು ಕೆಲಸಕ್ಕೆ ಕಳುಹಿಸೋಣವೇ?” ಕಳುಹಿಸಬಹುದು, ತಪ್ಪೇನಿಲ್ಲ. ಆದರೆ ಮುಂದೆ ಓದುವ ಆಸೆಯುಳ್ಳ ಮಗನಿಗೋ ಮಗಳಿಗೋ ಇಂಜಿನಿಯರಿಂಗ್ ಪದವಿಯ ಬಾಗಿಲು ಅಲ್ಲಿಂದಲೂ ತೆರೆದಿದೆ ಎಂಬುದು ಇನ್ನೂ ಎಷ್ಟೋ ಮನೆಗಳಿಗೆ ತಿಳಿದಿಲ್ಲ. ಆ ದಾರಿಯನ್ನೂ, ಅದರಲ್ಲಿ ಮಕ್ಕಳು ಎಡವುವ ಜಾಗವನ್ನೂ, ಅಲ್ಲಿ ಟ್ರಸ್ಟ್ ಹೇಗೆ ಕೈಹಿಡಿಯುತ್ತದೆ ಎಂಬುದನ್ನೂ ಇಲ್ಲಿ ವಿವರಿಸಿದ್ದೇವೆ.

ವರ್ಷಗಳ ಲೆಕ್ಕ

ಎಸ್ಸೆಸ್ಸೆಲ್ಸಿ ನಂತರ ಪಿಯುಸಿ 2 ವರ್ಷ, ಬಿ.ಇ. 4 ವರ್ಷ, ಒಟ್ಟು 6. ಡಿಪ್ಲೊಮಾ ಮಾಡಿದವರಿಗೆ 3 ವರ್ಷ ಪಾಲಿಟೆಕ್ನಿಕ್. ಆಮೇಲೆ ಅವರು ಬಿ.ಇ. ಎರಡನೆಯ ವರ್ಷಕ್ಕೆ, ಅಂದರೆ ಮೂರನೆಯ ಸೆಮಿಸ್ಟರ್‌ಗೆ ನೇರವಾಗಿ ಸೇರುವುದರಿಂದ ಇನ್ನು 3 ವರ್ಷ. ಅಲ್ಲಿಯೂ ಒಟ್ಟು 6. ಒಂದು ವರ್ಷವೂ ನಷ್ಟವಿಲ್ಲ. ಎರಡು ವರ್ಷದ ಐಟಿಐ ಮುಗಿಸಿದವರಿಗೂ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ಸೇರುವ ಅವಕಾಶವಿದೆ. ಹಾಗೆ ಬಂದವರಿಗೆ ಪದವಿ ಮುಗಿಯುವಾಗ 7 ವರ್ಷ ಆಗುತ್ತದೆ, ಅಷ್ಟೇ.

ಈ ಪ್ರವೇಶಕ್ಕೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಪರೀಕ್ಷೆಯ ಹೆಸರು ಡಿಸಿಇಟಿ. ಡಿಪ್ಲೊಮಾದಲ್ಲಿ ಸಾಮಾನ್ಯ ವರ್ಗದವರಿಗೆ 45%, ಮೀಸಲಾತಿ ವರ್ಗದವರಿಗೆ 40% ಅಂಕ ಬೇಕು. ಸೀಟು ಹಂಚಿಕೆ ರ‍್ಯಾಂಕ್ ಪ್ರಕಾರ. ಮನೆಯ ಹೊಣೆ ಹೊತ್ತು ದುಡಿಯಲೇಬೇಕಾದವರಿಗೆ ಕೆಲವು ಸಂಜೆ ಕಾಲೇಜುಗಳ ಸೀಟುಗಳೂ ಇದೇ ಪರೀಕ್ಷೆಯ ಮೂಲಕ ಸಿಗುತ್ತವೆ. ಆದ್ದರಿಂದ ಕೆಲಸಕ್ಕೆ ಸೇರಿದ ಮಾತ್ರಕ್ಕೆ ಓದು ಮುಗಿಯಿತು ಎಂದುಕೊಳ್ಳಬೇಕಿಲ್ಲ.

ಎಡವುವುದು ಎಲ್ಲಿ?

ಸೀಟು ಸಿಕ್ಕಿತು, ಶುಲ್ಕ ಕಟ್ಟಿದೆವು, ಇನ್ನು ಚಿಂತೆಯಿಲ್ಲ ಎಂದು ಮನೆಯವರು ನೆಮ್ಮದಿಯಾಗುತ್ತಾರೆ. ನಿಜವಾದ ಕಷ್ಟ ಶುರುವಾಗುವುದೇ ಆಗ.

ಡಿಪ್ಲೊಮಾ ಮಕ್ಕಳು ವರ್ಕ್‌ಶಾಪ್, ಡ್ರಾಯಿಂಗ್, ಲ್ಯಾಬ್ ಕೆಲಸಗಳಲ್ಲಿ ಯಾರಿಗೂ ಕಡಿಮೆಯಿಲ್ಲ. ಅವರನ್ನು ಕಾಡುವುದು ಗಣಿತ. ಪಾಲಿಟೆಕ್ನಿಕ್‌ನಲ್ಲಿ ಗಣಿತದ ಪಾಠ ಬಹುಮಟ್ಟಿಗೆ ಮೊದಲ ವರ್ಷಕ್ಕೇ ಮುಗಿದಿರುತ್ತದೆ. ಎರಡು ವರ್ಷ ಮುಟ್ಟದೆ ಬಿಟ್ಟ ವಿದ್ಯೆ ಉಜ್ಜದ ಹಿತ್ತಾಳೆ ಪಾತ್ರೆಯಂತೆ ಕಿಲುಬು ಹಿಡಿಯುತ್ತದೆ. ಇತ್ತ ಪದವಿ ತರಗತಿಯ ಸಹಪಾಠಿಗಳು ಪಿಯುಸಿಯಲ್ಲಿ ಎರಡು ವರ್ಷ, ಬಿ.ಇ. ಮೊದಲ ವರ್ಷದಲ್ಲಿ ಎರಡು ಸೆಮಿಸ್ಟರ್ ಗಣಿತ ಓದಿ ಬಂದಿರುತ್ತಾರೆ. ಮೂರನೆಯ ಸೆಮಿಸ್ಟರ್‌ನಲ್ಲಿ ಲ್ಯಾಪ್ಲಾಸ್ ಪರಿವರ್ತನೆ, ಫೋರಿಯರ್ ಶ್ರೇಣಿ ಎಂದು ಪಾಠ ಎದುರಾದರೆ, ಸಮಾಕಲನವನ್ನೇ ಮರೆತ ಹುಡುಗ ಏನು ಮಾಡಬೇಕು? ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೂ ಈ ಕಂದರ ಗೊತ್ತಿತ್ತು. ಅದು ತನ್ನ 2018ರ ಪಠ್ಯಕ್ರಮದಲ್ಲಿ ಡಿಪ್ಲೊಮಾದಿಂದ ಬಂದವರಿಗಾಗಿಯೇ ಹೆಚ್ಚುವರಿ ಗಣಿತದ ಎರಡು ಪತ್ರಿಕೆಗಳನ್ನು ಇಟ್ಟಿತ್ತು. ಕಂದರ ದಾಟಲು ಅದು ನೆರವು, ಆದರೆ ಆ ಮಕ್ಕಳ ಪಾಲಿಗೆ ಮತ್ತೊಂದು ಪರೀಕ್ಷೆಯ ಹೊರೆಯೂ ಹೌದು.

ಇದರ ಜೊತೆಗೆ ಹಾಜರಾತಿಯ ನಿಯಮವಿದೆ. ಪ್ರತಿ ವಿಷಯದಲ್ಲೂ 85% ಹಾಜರಾತಿ ಬೇಕು. ಮನೆಗೆ ನಾಲ್ಕು ಕಾಸು ಕಳುಹಿಸಲು ರಾತ್ರಿ ಡೆಲಿವರಿ ಕೆಲಸಕ್ಕೆ ಹೋಗುವ ಹುಡುಗ ಬೆಳಗಿನ ಮೊದಲ ತರಗತಿಗೆ ತಲುಪುವುದಿಲ್ಲ. ಹಾಜರಾತಿ ಕುಸಿದರೆ ಪರೀಕ್ಷೆಗೆ ಕೂರಲು ಬಿಡುವುದಿಲ್ಲ, ಒಂದು ವರ್ಷ ಹೋಗುತ್ತದೆ. ಆ ಹೊತ್ತಿಗೆ ಸಂಬಂಧಿಕರು “ಡಿಪ್ಲೊಮಾ ಇದೆಯಲ್ಲ, ಗಲ್ಫ್‌ಗೆ ಬಾ” ಎನ್ನುತ್ತಾರೆ. ಓದು ಹಾಗೆ ನಿಲ್ಲುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಸೆಮಿಸ್ಟರ್‌ನ ಹಿನ್ನಡೆಯೇ ಓದು ಬಿಡಿಸಲು ನೆಪವಾಗುವುದುಂಟು.

ಹಣ ಒಂದೇ ಸಲ ಕೊಟ್ಟರೆ ಸಾಲದು

ಆದ್ದರಿಂದಲೇ ಡಿಪ್ಲೊಮಾದಿಂದ ಪದವಿಗೆ ಹೋಗುವವರ ವಿದ್ಯಾರ್ಥಿವೇತನವನ್ನು ಟ್ರಸ್ಟ್ ಮೂರು ಕಂತುಗಳಲ್ಲಿ ನೀಡುತ್ತದೆ. ಮೊದಲ ಕಂತು ಪ್ರವೇಶದ ಸಮಯದಲ್ಲಿ. ಎರಡನೆಯದು ಮೂರನೆಯ ಸೆಮಿಸ್ಟರ್‌ನ ಮೊದಲ ಆಂತರಿಕ ಪರೀಕ್ಷೆ ಮುಗಿದಾಗ. ಮೂರನೆಯದು ನಾಲ್ಕನೆಯ ಸೆಮಿಸ್ಟರ್ ಆರಂಭದಲ್ಲಿ. ಒಂದೆರಡು ವಿಷಯ ಉಳಿದವೆಂದು ನೆರವು ನಿಲ್ಲಿಸುವುದಿಲ್ಲ. ತರಗತಿಗೆ ಹೋಗುವುದು ನಿಂತಿದೆ ಎಂದು ತಿಳಿದರೆ ಪೋಷಕರನ್ನೂ ವಿದ್ಯಾರ್ಥಿಯನ್ನೂ ಕರೆದು, ಕಾರಣವೇನೆಂದು ಕೂತು ಮಾತನಾಡುತ್ತೇವೆ.

ಡಿಪ್ಲೊಮಾ ಕೊನೆಯ ಪರೀಕ್ಷೆಗೂ ಪದವಿ ತರಗತಿಗೂ ನಡುವೆ ಸಿಗುವ ವಾರಗಳಲ್ಲಿ ಗಣಿತದ ತರಗತಿ ನಡೆಸುತ್ತೇವೆ. ಲಾಗರಿದಮ್, ತ್ರಿಕೋನಮಿತಿಯ ಸೂತ್ರಗಳು, ಅವಕಲನ, ಸಮಾಕಲನ, ಆಂಶಿಕ ಭಿನ್ನರಾಶಿ, ಮ್ಯಾಟ್ರಿಕ್ಸ್: ಇಷ್ಟನ್ನು ಮತ್ತೆ ಕೈಗೆ ಹತ್ತಿಸಿದರೆ ಅರ್ಧ ಭಯ ಹೋಗುತ್ತದೆ. ಮೊದಲ ಸೆಮಿಸ್ಟರ್ ಮುಗಿಯುವವರೆಗೆ ಭಾನುವಾರದ ಪಾಠ ಮುಂದುವರಿಯುತ್ತದೆ.

ದಾನಿಗಳಲ್ಲಿ ಇಲ್ಲೊಂದು ಮಾತು. ಝಕಾತ್ ಹಣವನ್ನು ನಾವು ಪ್ರತ್ಯೇಕ ಖಾತೆಯಲ್ಲಿಟ್ಟು, ಅರ್ಹ ಕುಟುಂಬದ ವಿದ್ಯಾರ್ಥಿಗಳಿಗೆ ಮಾತ್ರ ನೇರವಾಗಿ ಕೊಡುತ್ತೇವೆ. ಪಾಠ ಹೇಳುವವರ ಗೌರವಧನ, ಪುಸ್ತಕ, ಕೊಠಡಿಯ ಖರ್ಚುಗಳನ್ನು ಅದರಿಂದ ತೆಗೆಯುವುದಿಲ್ಲ. ಅವುಗಳಿಗೆ ಸದಕಾ ಮತ್ತು ಸಾಮಾನ್ಯ ದೇಣಿಗೆಯೇ ಆಧಾರ. ಶುಲ್ಕ ಕಟ್ಟಲು ಕೊಡುವವರು ಇದ್ದಾರೆ, ಪಾಠದ ಖರ್ಚಿಗೆ ಕೊಡುವವರು ಕಡಿಮೆ. ನಿವೃತ್ತ ಇಂಜಿನಿಯರ್‌ಗಳು, ಉಪನ್ಯಾಸಕರು ಭಾನುವಾರ ಎರಡು ಗಂಟೆ ಕೊಟ್ಟರೆ ಅದನ್ನೂ ದೇಣಿಗೆಯೆಂದೇ ಸ್ವೀಕರಿಸುತ್ತೇವೆ.

ಪೋಷಕರು ಈಗಲೇ ಮಾಡಬೇಕಾದದ್ದು

ಮಗ ಅಥವಾ ಮಗಳು ಡಿಪ್ಲೊಮಾ ಕೊನೆಯ ವರ್ಷದಲ್ಲಿದ್ದರೆ ದಾಖಲೆಗಳನ್ನು ಒಮ್ಮೆ ಹೊರತೆಗೆದು ನೋಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮೊಹಮ್ಮದ್’ ಎಂದು ಪೂರ್ತಿ, ಆಧಾರ್‌ನಲ್ಲಿ ‘ಎಂ.ಡಿ.’ ಎಂದು ಚುಟುಕಾಗಿ ಇದ್ದರೆ ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಅಲ್ಲೇ. ಪ್ರವರ್ಗ 2ಬಿ ಜಾತಿ–ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ನಾಡಕಚೇರಿಯಲ್ಲಿ ಹೊಸದಕ್ಕೆ ಅರ್ಜಿ ಹಾಕಿ. ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ವಿಚಾರಿಸಿ. ಅದಿಲ್ಲದೆ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶ (ಎಸ್‌ಎಸ್‌ಪಿ) ಮೂಲಕ ಮಂಜೂರಾದ ಹಣ ಖಾತೆಗೆ ಬೀಳುವುದಿಲ್ಲ. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳಿಗೂ, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲಕ್ಕೂ ಅರ್ಹತೆ ಇದೆಯೇ ಎಂದು ಜಿಲ್ಲಾ ಕಚೇರಿಯಲ್ಲಿ ಕೇಳಿ. ಸರಕಾರದ ನೆರವು ಸಿಕ್ಕಿದೆ ಎಂಬ ಕಾರಣಕ್ಕೆ ಟ್ರಸ್ಟ್‌ನ ಅರ್ಜಿ ತಿರಸ್ಕೃತವಾಗುವುದಿಲ್ಲ; ಸಿಕ್ಕಿದ್ದನ್ನು ಅರ್ಜಿಯಲ್ಲಿ ನಮೂದಿಸಿದರೆ ಸಾಕು.

ಅರ್ಜಿಯೊಂದಿಗೆ ಎಸ್ಸೆಸ್ಸೆಲ್ಸಿ ಮತ್ತು ಡಿಪ್ಲೊಮಾ ಅಂಕಪಟ್ಟಿಗಳು, ಡಿಸಿಇಟಿ ಪ್ರವೇಶಪತ್ರ, ಆದಾಯ ಪ್ರಮಾಣಪತ್ರ ಹಾಗೂ ಬ್ಯಾಂಕ್ ಪಾಸ್‌ಬುಕ್‌ನ ಪ್ರತಿಗಳನ್ನು ಲಗತ್ತಿಸಿ. ಸೀಟು ಹಂಚಿಕೆಯಾಗುವವರೆಗೆ ಕಾಯಬೇಡಿ. ಪರೀಕ್ಷೆಗೆ ನೋಂದಾಯಿಸಿದ ಕೂಡಲೇ ಅರ್ಜಿ ಕೊಟ್ಟವರ ಹೆಸರನ್ನು ಗಣಿತದ ತರಗತಿಗೂ ಸೇರಿಸಿಕೊಳ್ಳುತ್ತೇವೆ. ಆ ತರಗತಿಗೆ ಶುಲ್ಕವಿಲ್ಲ. ಮನೆ ದೂರವಿದ್ದರೆ ಬಸ್ ಖರ್ಚನ್ನೂ ಟ್ರಸ್ಟ್ ಕೊಡುತ್ತದೆ.