ಅಯ್ಯನವರ ಲೆಕ್ಕ ಕೇಳುವ ಸಭೆ ತನ್ನ ಲೆಕ್ಕವನ್ನೂ ಕೊಡಲಿ

ಕಾಸರಗೋಡು: ವರ್ಗಾವಣೆ ಪಟ್ಟಿ ಬರುವ ಹೊತ್ತಾಯಿತೆಂದರೆ ಗಡಿಭಾಗದ ಇಗರ್ಜಿಗಳ ಅಂಗಳದಲ್ಲಿ ಒಂದೇ ಮಾತು: ‘ಈ ಸಲ ನಮ್ಮ ಅಯ್ಯನವರು ಹೋಗ್ತಾರಾ, ಇರ್ತಾರಾ?’ ಹೋಗಲಿ ಎನ್ನುವವರು ಒಂದು ಅರ್ಜಿ ಬರೆಯುತ್ತಾರೆ, ಇರಲಿ ಎನ್ನುವವರು ಇನ್ನೊಂದು. ಎರಡೂ ಹೋಗಿ ಬೀಳುವುದು ಬಿಷಪರ ಮೇಜಿನ ಮೇಲೆ. ಅಯ್ಯನವರ ಎದುರೇ ಕೂತು ಮಾತಾಡಿದವರು ಮಾತ್ರ ಹುಡುಕಿದರೂ ಸಿಗುವುದಿಲ್ಲ.

ಹಾಗಾದರೆ ಸಭಾಪಾಲಕರು ಮತ್ತು ಸಭೆಯ ಕೆಲಸದ ಸಂಬಂಧ ಹೇಗಿದೆ ಎಂದು ನೋಡುವವರು ಯಾರು?

ಅಧ್ಯಕ್ಷರ ಬಗ್ಗೆ ಅಧ್ಯಕ್ಷರ ಮುಂದೆ

1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಯಲ್ಲಿ (ಸಿಎಸ್‌ಐ) ಸಭಾಪಾಲಕರ ನೇಮಕ, ವರ್ಗಾವಣೆ ಧರ್ಮಪ್ರಾಂತ್ಯದ ಕೈಯಲ್ಲಿದೆ. ಊರಿನ ಸಭೆ ಆರಿಸುವುದು ತನ್ನ ಸಮಿತಿಯನ್ನು. ಆ ಸಮಿತಿಗೂ ಅಧ್ಯಕ್ಷರು ಸಭಾಪಾಲಕರೇ.

ಕಥೋಲಿಕರಲ್ಲೂ ಹೆಚ್ಚು ವ್ಯತ್ಯಾಸವಿಲ್ಲ. 1983ರ ಧರ್ಮಸಭಾ ಸಂಹಿತೆಯಂತೆ ಪ್ರತಿ ಇಗರ್ಜಿಗೆ ಹಣಕಾಸು ಸಮಿತಿ ಕಡ್ಡಾಯ. ಪಾಲನಾ ಪರಿಷತ್ತು ಇದ್ದರೆ ಅದಕ್ಕೆ ಗುರುಗಳೇ ಅಧ್ಯಕ್ಷರು. ಅದು ಸಲಹೆ ಕೊಡಬಹುದು, ಅಷ್ಟೇ. ಮೆಥಡಿಸ್ಟ್ ಪರಂಪರೆಯಲ್ಲಿ ಪಾಲಕರ ನೇಮಕ ಬಿಷಪರದ್ದಾದರೂ, ಪಾಲಕರು ಮತ್ತು ಸಭೆಯ ಸಂಬಂಧ ನೋಡಲಿಕ್ಕೆಂದೇ ಪ್ರತ್ಯೇಕ ಸಮಿತಿ ಇಡುವ ಕ್ರಮವಿದೆ.

ತೊಂದರೆ ಇರುವುದು ಇಲ್ಲೇ. ಅಧ್ಯಕ್ಷರ ಕೆಲಸದ ಬಗ್ಗೆ ಅಧ್ಯಕ್ಷರೇ ನಡೆಸುವ ಸಭೆಯಲ್ಲಿ ಬಾಯಿ ಬಿಡುವವರು ಯಾರು? ಅಲ್ಲಿ ಸುಮ್ಮನಿದ್ದವರು ಹೊರಗೆ ಬಂದು ಮೆಟ್ಟಿಲ ಮೇಲೆ ಮಾತಾಡುತ್ತಾರೆ. ಮೆಟ್ಟಿಲಿನ ಮಾತು ಅರ್ಜಿಯಾಗುತ್ತದೆ. ಅರ್ಜಿಯಿಂದ ಊರು ಎರಡಾಗುತ್ತದೆ.

ಗಡಿಯವರ ಕಷ್ಟ ಬೇರೆ

ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದಾಗ ಮಂಗಳೂರು, ಕಾಸರಗೋಡು ಎರಡೂ ಒಂದೇ ಕೆನರಾ ಜಿಲ್ಲೆಯಲ್ಲಿದ್ದವು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಬೇಳದಂಥ ಕಥೋಲಿಕ ಇಗರ್ಜಿಗಳು ಮಾತ್ರ ಇಂದಿಗೂ ಮಂಗಳೂರು ಧರ್ಮಪ್ರಾಂತ್ಯದಲ್ಲೇ ಉಳಿದಿವೆ. ಮನೆಯಲ್ಲಿ ಕೊಂಕಣಿ, ತುಳು, ಕನ್ನಡ. ಪೇಟೆಯಲ್ಲಿ, ಕಚೇರಿಯಲ್ಲಿ ಮಲಯಾಳ.

ಇಂಥ ಕಡೆ ಹೊಸಬರು ಬಂದು ಮನೆ ಮನೆಯ ಮಾತು ತಿಳಿದುಕೊಳ್ಳಲಿಕ್ಕೇ ವರ್ಷ ಬೇಕು. ಹಾಸಿಗೆ ಹಿಡಿದ ಅಜ್ಜಿಗೆ ಕನ್ನಡದ ಪ್ರಾರ್ಥನೆಯೇ ಆಗಬೇಕು. ಮೊಮ್ಮಗನಿಗೆ ಭಾನುವಾರದ ಶಾಲೆಯಲ್ಲಿ ಕನ್ನಡ ಅಕ್ಷರ ಕೂಡಿಸಿ ಓದುವುದೇ ಕಷ್ಟ. ಇಬ್ಬರಿಗೂ ಒಬ್ಬರೇ ಪಾಲಕರು. ಮಾತಾಡದೆ ಮುನಿಸಿಕೊಂಡು ಅವರನ್ನು ಕಳಿಸಿಬಿಟ್ಟರೆ ಮತ್ತೆ ಮೊದಲಿಂದ ಶುರು. ಅಷ್ಟರಲ್ಲಿ ಎರಡು ಮನೆಯವರು ಇಗರ್ಜಿಗೆ ಬರುವುದನ್ನೇ ಬಿಟ್ಟಿರುತ್ತಾರೆ. ಸಣ್ಣ ಸಭೆಗೆ ಎರಡು ಮನೆ ಎಂದರೆ ಸಣ್ಣ ಲೆಕ್ಕವಲ್ಲ.

ಏನು ಮಾಡಬಹುದು?

ವರ್ಷಕ್ಕೊಂದು ಸಂಜೆ ಇದಕ್ಕೆಂದೇ ಇಡಿ. ಜಗಳದ ಬಿಸಿಯಲ್ಲೂ ಬೇಡ, ವರ್ಗಾವಣೆಯ ಮುಂಚಿನ ವಾರವೂ ಬೇಡ. ಸಭೆ ನಡೆಸಲು ನೆರೆಯ ಸಭೆಯ ಹಿರಿಯ ಪಾಲಕರನ್ನೋ ವಲಯದ ಮುಖ್ಯಸ್ಥರನ್ನೋ ಕರೆಯಿರಿ. ಹೆಂಗಸರು, ಯುವಕರು ಇರಲೇಬೇಕು. ಹೆಸರಿಲ್ಲದ ಪತ್ರ ಓದುವುದು ಬೇಡ.

ಮೊದಲು ಸಭೆ ಕೇಳಲಿ: ಮನೆಭೇಟಿ ಆಗುತ್ತಿದೆಯೇ, ಪ್ರಸಂಗ ಮಕ್ಕಳಿಗೂ ತಿಳಿಯುತ್ತದೆಯೇ, ಲೆಕ್ಕಪತ್ರ ಎಲ್ಲರ ಮುಂದೆ ಬರುತ್ತಿದೆಯೇ, ಬಡವರ ಮನೆಗೂ ಶ್ರೀಮಂತರ ಮನೆಗೂ ಒಂದೇ ನಡೆಯೇ?

ಆಮೇಲೆ ಪಾಲಕರ ಸರದಿ. ವಾರಕ್ಕೊಂದು ದಿನವಾದರೂ ಬಿಡುವು ಕೊಟ್ಟಿದ್ದೀರಾ? ಪಾಲಕರ ಮನೆಯ ಮಾಡು ಸೋರುತ್ತಿರುವುದನ್ನು ಯಾರಾದರೂ ನೋಡಿದ್ದೀರಾ? ಅವರ ಹೆಂಡತಿ ಸಂಬಳವಿಲ್ಲದ ಕೆಲಸದವರೆಂದು ತಿಳಿದಿದ್ದೀರಾ? ಸಮಿತಿಯವರು ಒಪ್ಪಿಕೊಂಡ ಕೆಲಸ ಎಷ್ಟು ಮುಗಿಸಿದ್ದೀರಿ? ಈ ಭಾಗ ಬಿಟ್ಟರೆ ಅದು ಕೆಲಸದ ವಿಮರ್ಶೆಯಲ್ಲ, ಬರೀ ಆಪಾದನೆ.

ಕೊನೆಗೆ ಎರಡೇ ಎರಡು ತೀರ್ಮಾನ ಬರೆದಿಡಿ, ಒಂದು ಪಾಲಕರದ್ದು, ಒಂದು ಸಭೆಯದ್ದು. ಆರು ತಿಂಗಳು ಬಿಟ್ಟು ಮತ್ತೆ ತೆಗೆದು ನೋಡಿ.

ಆದರೆ ಒಂದು ಎಚ್ಚರ. ಹಣದ ದುರುಪಯೋಗ, ಹೆಂಗಸರು ಮಕ್ಕಳ ಮೇಲಿನ ದೌರ್ಜನ್ಯದಂಥ ವಿಷಯ ಇದ್ದರೆ ಅದು ಈ ಸಂಜೆಯ ಮಾತಲ್ಲ. ಅಂಥದ್ದು ಧರ್ಮಪ್ರಾಂತ್ಯಕ್ಕೂ ಕಾನೂನಿಗೂ ನೇರವಾಗಿ ಹೋಗಬೇಕು. ‘ಒಳಗೊಳಗೇ ಸರಿಮಾಡ್ಕೊಳ್ಳೋಣ’ ಎನ್ನುವ ಮಾತು ಅಲ್ಲಿ ಸಲ್ಲದು.

ಉಳಿದದ್ದೆಲ್ಲ ಎದುರುಬದುರು ಕೂತರೆ ಬಗೆಹರಿಯುವಂಥದ್ದೇ. ಬಗೆಹರಿಯದಿದ್ದರೂ ಪಾಲಕರು ಹೋಗುವಾಗ ಕಾರಣ ಇಬ್ಬರಿಗೂ ಗೊತ್ತಿರುತ್ತದೆ, ಹೊಸಬರ ಕೈಗೆ ಹಳೇ ಜಗಳ ಕೊಡಬೇಕಾಗಿ ಬರುವುದಿಲ್ಲ. ಮುಂದಿನ ಪಟ್ಟಿ ಬರುವುದಕ್ಕೆ ಇನ್ನೂ ಸಮಯವಿದೆ. ನಿಮ್ಮ ಸಮಿತಿಯ ಮುಂದಿನ ಬೈಠಕ್ಕಿನಲ್ಲಿ ಈ ಒಂದು ಸಂಜೆಯ ವಿಷಯ ಎತ್ತಿ ನೋಡಿ.