ಕಿವಿ ಮುಚ್ಚುವ ಹೆಡ್‌ಫೋನ್: ಅಂಗಡಿಗೆ ಹೋಗುವ ಮುನ್ನ

ಸಂಜೆ ಏಳು ಗಂಟೆಯ ಹೊತ್ತಿಗೆ ಮರಳವಾಡಿ ಕಡೆಯ ಯಾವುದೇ ಮನೆಯನ್ನು ಊಹಿಸಿಕೊಳ್ಳಿ. ಹಾಲಿನಲ್ಲಿ ಟಿ.ವಿ. ಓಡುತ್ತಿರುತ್ತದೆ. ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತದೆ. ಹಾರೋಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಮುಗಿಸಿದವರ ಬೈಕುಗಳು ಒಂದೊಂದಾಗಿ ಬಂದು ನಿಲ್ಲುತ್ತವೆ. ಈ ಗದ್ದಲದ ನಡುವೆ ಹತ್ತನೇ ತರಗತಿಯ ಹುಡುಗಿಯೊಬ್ಬಳು ಮೂಲೆಯಲ್ಲಿ ಕುಳಿತು ಮೊಬೈಲ್‌ನಲ್ಲಿ ಗಣಿತದ ಪಾಠ ಕೇಳಬೇಕು. ಅಜ್ಜಿಗೆ ಕಿರಾಅತ್ ಕೇಳಬೇಕು. 2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಂದವು, ಮೊಬೈಲ್‌ನಲ್ಲಿ ತರಗತಿಗಳು ನಡೆದವು. ಶಾಲೆಗಳು ತೆರೆದರೂ ಮೊಬೈಲ್ ಪಾಠದ ಅಭ್ಯಾಸ ಮಾತ್ರ ಮನೆಯಲ್ಲೇ ಉಳಿದುಬಿಟ್ಟಿದೆ.

ಇಂಥ ಹೊತ್ತಿನಲ್ಲಿ ನಾವೆಲ್ಲ ಮಾಡುವುದು ಒಂದೇ ಕೆಲಸ: ಧ್ವನಿ ಹೆಚ್ಚಿಸುವುದು. ಪಾಠ ಕೇಳಿಸುತ್ತಿಲ್ಲವೆಂದು ಮಗಳು ಹೆಚ್ಚಿಸುತ್ತಾಳೆ, ಮಗಳ ಮೊಬೈಲ್ ಸದ್ದಿಗೆ ಅಪ್ಪ ಟಿ.ವಿ. ಹೆಚ್ಚಿಸುತ್ತಾರೆ. ಕೊನೆಗೆ ಒಂದು ಹೆಡ್‌ಫೋನ್ ತರೋಣ ಎಂಬ ತೀರ್ಮಾನವಾಗುತ್ತದೆ. ಸಾವಿರ, ಹೆಚ್ಚೆಂದರೆ ಒಂದೂವರೆ ಸಾವಿರ ರೂಪಾಯಿ. ಅಂಗಡಿಯವನನ್ನು ಕೇಳಿದರೆ ಅವನದು ಒಂದೇ ಉತ್ತರ, “ಇದು ತಗೊಳ್ಳಿ, ಬಾಸ್ ಜೋರಾಗಿದೆ.”

ಬಾಸ್ ಹಾಗಿರಲಿ, ಮೊದಲು ಹೆಡ್‌ಫೋನಿನ ಬೆನ್ನು ನೋಡಿ. ಕಿವಿಯ ಮೇಲೆ ಕೂರುವ ಬಟ್ಟಲಿನ ಹೊರಮೈಯಲ್ಲಿ ಜಾಲರಿಯೋ ತೂತುಗಳೋ ಇದ್ದರೆ ಅದು ಸಾಮಾನ್ಯವಾಗಿ ತೆರೆದ ಬೆನ್ನಿನದು. ಅದರ ಸದ್ದು ಹೊರಗೆ ಸೋರುತ್ತದೆ, ಹೊರಗಿನ ಸದ್ದು ಒಳಗೆ ಬರುತ್ತದೆ. ನಿಶ್ಶಬ್ದವಾದ ಕೋಣೆಯಿರುವವರಿಗೆ ಅದು ಬಹಳ ಚೆನ್ನ. ಹೊರಮೈ ಪೂರ್ತಿ ಮುಚ್ಚಿದ್ದರೆ ಅದನ್ನು ‘ಕ್ಲೋಸ್ಡ್ ಬ್ಯಾಕ್’ ಎನ್ನುತ್ತಾರೆ. ನಮ್ಮ ಮನೆಗಳಿಗೆ ಬೇಕಾದದ್ದು ಇದು. ಒಂದು ಕಾಲದಲ್ಲಿ ಹೆಡ್‌ಫೋನ್ ಎಂದರೆ ಹೀಗೆ ಮುಚ್ಚಿದ್ದೇ. 1968ರಲ್ಲಿ ಜರ್ಮನಿಯ ಸೆನ್‌ಹೈಸರ್ ಕಂಪೆನಿಯ ಎಚ್‌ಡಿ 414 ಬಂದ ಮೇಲೆ ತೆರೆದ ಬೆನ್ನಿನವು ಜನಪ್ರಿಯವಾದವು. ಅಂದ ಹಾಗೆ, ಅಮೆರಿಕದ ನೌಕಾಪಡೆ 1910ರಲ್ಲಿ ಕೊಂಡ ಹೆಡ್‌ಫೋನನ್ನು ಯೂಟಾ ರಾಜ್ಯದ ನಥಾನಿಯಲ್ ಬಾಲ್ಡ್‌ವಿನ್ ಎಂಬಾತ ತಯಾರಿಸುತ್ತಿದ್ದದ್ದು ತನ್ನ ಮನೆಯ ಅಡುಗೆಮನೆಯಲ್ಲಿ! ಅಡುಗೆಮನೆಯಿಂದ ಏನೇನೆಲ್ಲ ಹೊರಬಂದಿದೆ ನೋಡಿ.

ಮುಚ್ಚಿದ ಬೆನ್ನು ಯಾಕೆ ಮುಖ್ಯ? ಪಕ್ಕದವರಿಗೆ ತೊಂದರೆಯಾಗದಿರಲಿ ಎಂಬುದು ಸಣ್ಣ ಕಾರಣ. ದೊಡ್ಡ ಕಾರಣ ಕಿವಿಯೇ. ಒಳಗಿವಿಯಲ್ಲಿ ಕೂದಲಿನಂಥ ಸೂಕ್ಷ್ಮ ಎಳೆಗಳಿರುವ ಜೀವಕೋಶಗಳಿವೆ. ಜೋರು ಸದ್ದಿಗೆ ಅವು ಸತ್ತರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವೂ ಸೇರಿ 2019ರಲ್ಲಿ ಒಂದು ಮಾನದಂಡವನ್ನು ಮುಂದಿಟ್ಟವು. ಅದರ ಪ್ರಕಾರ ದೊಡ್ಡವರು 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. ಮಕ್ಕಳಿಗೆ 75 ಡೆಸಿಬೆಲ್. ಇಲ್ಲೊಂದು ಲೆಕ್ಕ ಗಮನಿಸಿ. ಸದ್ದು 3 ಡೆಸಿಬೆಲ್ ಏರಿದರೆ ಅದರ ಶಕ್ತಿ ಎರಡರಷ್ಟಾಗುತ್ತದೆ, ಕೇಳಬಹುದಾದ ಸಮಯ ಅರ್ಧವಾಗುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ. 90ಕ್ಕೆ ಬಂದರೆ ಇಡೀ ವಾರಕ್ಕೆ ನಾಲ್ಕೇ ಗಂಟೆ. 100 ಡೆಸಿಬೆಲ್‌ನಲ್ಲಿ ವಾರಕ್ಕೆ ಇಪ್ಪತ್ತು ನಿಮಿಷ ಮಾತ್ರ.

ಒಳ್ಳೆಯ ಮುಚ್ಚಿದ ಹೆಡ್‌ಫೋನ್ ಕಿವಿಗೆ ಸರಿಯಾಗಿ ಕೂತರೆ ಮಾತು, ಟಿ.ವಿ., ಪಾತ್ರೆಯ ಸದ್ದನ್ನು ಹತ್ತು ಡೆಸಿಬೆಲ್ ಆಸುಪಾಸು ತಗ್ಗಿಸಬಲ್ಲದು. ಹತ್ತು ಎಂದರೆ ಅಷ್ಟೇನಾ ಎನ್ನಬೇಡಿ, ಮೇಲಿನ ಲೆಕ್ಕದಲ್ಲಿ ಅದು 40 ಗಂಟೆಗೂ 4 ಗಂಟೆಗೂ ಇರುವ ಅಂತರ. ಬಸ್ಸಿನ ಇಂಜಿನ್ನಿನ ಗುಂಯ್‌ಗುಡುವ ಸದ್ದನ್ನು ಮಾತ್ರ ಅದು ಅಷ್ಟಾಗಿ ತಡೆಯುವುದಿಲ್ಲ. ರಾಮನಗರದಲ್ಲಿ ದಿನವಿಡೀ ರೇಷ್ಮೆ ನೂಲು ಬಿಚ್ಚುವ ಯಂತ್ರಗಳ ಪಕ್ಕ ದುಡಿಯುವ ಮನೆಯವರಂತೂ ಇದನ್ನು ಗಮನಿಸಲೇಬೇಕು. ಹಗಲಿನ ಸದ್ದೂ ಸಂಜೆಯ ಸದ್ದೂ ಕಿವಿಯ ಖಾತೆಯಲ್ಲಿ ಒಟ್ಟಿಗೇ ಜಮೆಯಾಗುತ್ತವೆ.

‘ಸರಿಯಾಗಿ ಕೂತರೆ’ ಎಂದೆನಲ್ಲ, ಎಲ್ಲವೂ ಇರುವುದು ಅಲ್ಲೇ. ಹೆಡ್‌ಫೋನಿನಲ್ಲಿ ಎರಡು ಬಗೆ. ಒಂದು ಕಿವಿಯ ಮೇಲೆ ಒತ್ತಿ ಕೂರುವುದು, ಇನ್ನೊಂದು ಇಡೀ ಕಿವಿಯನ್ನು ಒಳಗೆ ಹಾಕಿಕೊಂಡು ಸುತ್ತಲಿನ ಚರ್ಮದ ಮೇಲೆ ಕೂರುವುದು. ಮೊದಲನೆಯದು ಅಗ್ಗ, ಹಗುರ. ಆದರೆ ಅರ್ಧ ಗಂಟೆಯಲ್ಲಿ ಕಿವಿ ನೋಯುತ್ತದೆ, ಓಲೆಯ ತಿರುಪು ಹಿಂದಿನಿಂದ ಚುಚ್ಚುತ್ತದೆ. ಜುಮುಕಿ ಹಾಕಿಕೊಂಡಂತೂ ಆಗದು. ಬಜೆಟ್ಟಿನಲ್ಲಿ ಇನ್ನೂರು ಮುನ್ನೂರು ಹೆಚ್ಚಾದರೂ ಎರಡನೆಯದನ್ನೇ ಕೊಳ್ಳಿ ಎಂಬುದು ನನ್ನ ಸಲಹೆ.

ಇನ್ನು ದುಪಟ್ಟಾದ ವಿಷಯ. ಇದನ್ನು ಯಾವ ಡಬ್ಬಿಯ ಮೇಲೂ ಬರೆದಿರುವುದಿಲ್ಲ. ಪ್ಯಾಡಿಗೂ ಚರ್ಮಕ್ಕೂ ನಡುವೆ ಬಟ್ಟೆ ಬಂದರೆ, ಅದರಲ್ಲೂ ಮಡಿಕೆ ಬಂದರೆ, ಅಲ್ಲೊಂದು ಸಂದು ಉಳಿಯುತ್ತದೆ. ಆ ಸಂದಿನಿಂದ ತಗ್ಗು ಸ್ವರಗಳು ಹೊರಹೋಗುತ್ತವೆ, ಹೊರಗಿನ ಗದ್ದಲ ಒಳಬರುತ್ತದೆ, ಕೈ ತಾನಾಗಿ ಧ್ವನಿ ಹೆಚ್ಚಿಸಲು ಹೋಗುತ್ತದೆ. ಅಂದರೆ ಕೊಟ್ಟ ದುಡ್ಡಿನ ಅರ್ಧ ಪ್ರಯೋಜನ ಹೋಯಿತು. ಮೊದಲು ಹೆಡ್‌ಫೋನ್ ಹಾಕಿಕೊಂಡು ಅದರ ಮೇಲೆ ದುಪಟ್ಟಾವನ್ನು ಸಡಿಲವಾಗಿ ಹೊದ್ದುಕೊಳ್ಳಿ. ಹೊರಗೆ ಹೋಗುವಾಗ ಬಿಗಿಯಾಗಿ ಸುತ್ತಿದ ಹಿಜಾಬಿನೊಂದಿಗೆ ಈ ದೊಡ್ಡ ಬಟ್ಟಲುಗಳು ಹೊಂದುವುದಿಲ್ಲ, ಸುಮ್ಮನೆ ಹಣ ಹಾಕಬೇಡಿ. ಅದಕ್ಕೆ ರಬ್ಬರ್ ತುದಿಯ ಪುಟ್ಟ ಇಯರ್‌ಫೋನೇ ಮೇಲು. ಕನ್ನಡಕದ ಕಡ್ಡಿಯೂ ಇಂಥದೇ ಸಂದು ಮಾಡುತ್ತದೆ. ಕನ್ನಡಕ ಹಾಕುವವರು ಗಟ್ಟಿ ಪ್ಯಾಡ್ ಬಿಟ್ಟು ಮೆತ್ತನೆಯ, ದಪ್ಪ ಪ್ಯಾಡ್ ಇರುವುದನ್ನು ಆರಿಸಲಿ.

ಅಂಗಡಿಯಲ್ಲಿ ಪರೀಕ್ಷೆ ಸುಲಭ. ಏನನ್ನೂ ಹಚ್ಚದೆ ಹಾಕಿಕೊಳ್ಳಿ, ಜೊತೆಗೆ ಬಂದವರು ಮಾತಾಡಲಿ, ಅವರ ಮಾತು ಮಬ್ಬಾಗಿ ಕೇಳಿಸಬೇಕು. ಆಮೇಲೆ ಪರಿಚಿತವಾದದ್ದೇನಾದರೂ ಹಚ್ಚಿ, ಎರಡೂ ಬಟ್ಟಲುಗಳನ್ನು ಅಂಗೈಯಿಂದ ಮೆಲ್ಲಗೆ ಒತ್ತಿ. ಒತ್ತಿದಾಗ ಧ್ವನಿ ಒಮ್ಮೆಲೆ ದಪ್ಪಗಾದರೆ ಅದು ನಿಮ್ಮ ತಲೆಗೆ ಸರಿಯಾಗಿ ಕೂತಿಲ್ಲವೆಂದು ಅರ್ಥ. ಹತ್ತು ನಿಮಿಷ ಹಾಕಿಕೊಂಡೇ ನಿಲ್ಲಿ, ಅಂಗಡಿಯವನು ಗೊಣಗಿದರೂ ಪರವಾಗಿಲ್ಲ.

ಪರಿಚಿತವಾದದ್ದು ಎಂದರೆ ಯಾವುದು? ನಾನು ಮದ್ರಸದಲ್ಲಿ ಮಕ್ಕಳಿಗೆ ತಜ್ವೀದ್ ಕಲಿಸುವವನು. ನನ್ನ ಕಿವಿಗೆ ಗೊತ್ತಿರುವ ಪರೀಕ್ಷೆ ಈಜಿಪ್ಟಿನ ಮಹಮೂದ್ ಖಲೀಲ್ ಅಲ್ ಹುಸರಿಯವರ ಕಿರಾಅತ್. ಸಂಪೂರ್ಣ ಕುರ್‌ಆನನ್ನು ಮುರತ್ತಲ್ ಶೈಲಿಯಲ್ಲಿ ಮೊದಲ ಬಾರಿಗೆ ಧ್ವನಿಮುದ್ರಿಸಿದವರು ಅವರು, 1961ರಲ್ಲಿ. ಅವರ ಓದಿನಲ್ಲಿ ‘ಸೀನ್’, ‘ಸಾದ್’, ‘ಸಾ’ ಅಕ್ಷರಗಳು ಮೂರು ಬೇರೆ ಬೇರೆ ಮುತ್ತುಗಳಂತೆ ಬಿಡಿಬಿಡಿಯಾಗಿ ಕೇಳುತ್ತವೆ. ಅಂಗಡಿಯವನು ಹೊಗಳುವ ‘ಜೋರು ಬಾಸ್’ ಹೆಡ್‌ಫೋನ್ ಹಾಕಿಕೊಂಡು ಅದೇ ಓದನ್ನು ಕೇಳಿ, ಮೂರೂ ಒಂದೇ ರೀತಿ ‘ಸ’ ಎನ್ನುವಂತೆ ಆಗಬಹುದು. ತಗ್ಗು ಸ್ವರ ಜೋರಾದರೆ ಅದು ಮೇಲಿನ ಸೂಕ್ಷ್ಮ ಸ್ವರಗಳನ್ನು ಮುಚ್ಚಿಹಾಕುತ್ತದೆ. ಹಾಡಿನಲ್ಲಿ ಅದು ಗೊತ್ತಾಗುವುದಿಲ್ಲ, ಮಾತಿನಲ್ಲಿ ಗೊತ್ತಾಗುತ್ತದೆ. ಮಕ್ಕಳು ಪಾಠ ಕೇಳುವುದಕ್ಕೂ ಇದೇ ಮಾತು ಅನ್ವಯ. ಇಂಗ್ಲಿಷ್ ಪಾಠದಲ್ಲಿ ಪದದ ಕೊನೆಯ ‘ಸ್’ ಕೇಳಿಸದಿದ್ದರೆ ಏಕವಚನವೋ ಬಹುವಚನವೋ ತಿಳಿಯದು.

ಡಬ್ಬಿಯ ಮೇಲಿನ ಅಂಕಿಗಳಲ್ಲಿ ನೋಡಬೇಕಾದದ್ದು ಒಂದೆರಡು ಮಾತ್ರ. ಓಮ್ ಎಂದು ಬರೆದಿರುತ್ತದೆ. ಮೊಬೈಲಿಗೆ 16ರಿಂದ 32ರವರೆಗಿನದು ಸಾಕು. 250 ಓಮ್‌ನವು ಸ್ಟುಡಿಯೋದವರಿಗೆ, ನಮ್ಮ ಫೋನಿನಲ್ಲಿ ಪಿಸುಗುಡುತ್ತವೆ. ‘1000 ಮಿಲಿವಾಟ್’ ಎಂಬುದನ್ನು ನಂಬಿ ಮೋಸಹೋಗಬೇಡಿ, ಅದು ತಾಳಿಕೊಳ್ಳುವ ಶಕ್ತಿಯೇ ಹೊರತು ಗುಣವಲ್ಲ. ಪಿನ್ನಿನ ಮೇಲೆ ಕಪ್ಪು ಉಂಗುರಗಳನ್ನು ಎಣಿಸಿ: ಎರಡಿದ್ದರೆ ಬರೀ ಕೇಳುವುದಕ್ಕೆ, ಮೂರಿದ್ದರೆ ಸಾಮಾನ್ಯವಾಗಿ ಮೈಕ್ ಕೂಡ ಇರುತ್ತದೆ. ಫೋನಿನಲ್ಲಿ ದುಂಡು ತೂತೇ ಇಲ್ಲದಿದ್ದರೆ ಟೈಪ್-ಸಿ ಪರಿವರ್ತಕ ಬೇಕು. ಒಳಗೆ ಚಿಪ್ ಇರುವುದನ್ನೇ ಕೇಳಿ ಪಡೆಯಿರಿ, ಚಿಪ್ ಇಲ್ಲದ್ದು ಅನೇಕ ಫೋನುಗಳಲ್ಲಿ ಕೆಲಸ ಮಾಡುವುದಿಲ್ಲ.

ಉದಾಹರಣೆಗೆ ಎರಡು ಹೆಸರು ಹೇಳುತ್ತೇನೆ, ಜಾಹೀರಾತಲ್ಲ. ಸೋನಿಯ ಎಂಡಿಆರ್-ಝಡ್‌ಎಕ್ಸ್110 ಅಗ್ಗದ ಸಾಲಿನದು: ಬೆನ್ನು ಮುಚ್ಚಿದ್ದು, 24 ಓಮ್, ಮೊಬೈಲಿಗೆ ಹೇಳಿ ಮಾಡಿಸಿದಂತಿದೆ. ಆದರೆ ಕಿವಿಯ ಮೇಲೆ ಒತ್ತುವ ಬಗೆ, ಓಲೆಯವರಿಗೆ ಕಷ್ಟ. ಆಡಿಯೋ ಟೆಕ್ನಿಕಾದ ಎಟಿಎಚ್-ಎಂ20ಎಕ್ಸ್ ಕಿವಿ ಸುತ್ತ ಕೂರುತ್ತದೆ, ಮಾತು ಸ್ಪಷ್ಟ, ಬೆಲೆ ಮಾತ್ರ ಹಲವು ಪಟ್ಟು. ಅದರ ತಂತಿ ಮೂರು ಮೀಟರ್, ಮನೆಯಲ್ಲಿ ಓಡಾಡುವವರ ಕಾಲಿಗೆ ಸಿಕ್ಕಿಕೊಳ್ಳುವಷ್ಟು. ಸಾವಿರದೊಳಗಿನ ಬ್ಲೂಟೂತ್ ಹೆಡ್‌ಫೋನಿಗಿಂತ ಅದೇ ಬೆಲೆಯ ತಂತಿಯದು ನನಗೆ ಮೇಲು. ಬ್ಯಾಟರಿಗೂ ರೇಡಿಯೋ ಚಿಪ್ಪಿಗೂ ಹೋಗುವ ದುಡ್ಡು ಪ್ಯಾಡಿಗೂ ಡ್ರೈವರಿಗೂ ಸಿಗುತ್ತದೆ, ಬ್ಯಾಟರಿ ಸತ್ತು ಮೂಲೆಗೆ ಸೇರುವ ಚಿಂತೆಯೂ ಇಲ್ಲ.

ಹಾರೋಹಳ್ಳಿಗೆ ಬಂದು ಕನಕಪುರ ರಸ್ತೆಯ ಬಸ್ಸು ಹಿಡಿದರೆ ಬೆಂಗಳೂರಿನ ಸಿಟಿ ಮಾರ್ಕೆಟ್, ಅಲ್ಲಿಂದ ಎಸ್.ಪಿ. ರಸ್ತೆ ಹತ್ತಿರ. ಅಲ್ಲಿ ಹತ್ತು ಹೆಡ್‌ಫೋನುಗಳನ್ನು ತಲೆಗೆ ಹಾಕಿ ನೋಡಬಹುದು, ಆನ್‌ಲೈನಿನಲ್ಲಿ ಅದಾಗದು. ಡಬ್ಬಿಯ ಮೇಲೆ ಎಂ.ಆರ್.ಪಿ., ತಯಾರಕರ ಅಥವಾ ಆಮದುದಾರರ ಹೆಸರು ವಿಳಾಸ, ದೂರಿನ ಫೋನ್ ಸಂಖ್ಯೆ ಇರಲೇಬೇಕು, ಅದು ಕಾನೂನು. ಇವಿಲ್ಲದ ಡಬ್ಬಿಯಲ್ಲಿ ದೊಡ್ಡ ಕಂಪೆನಿಯ ಹೆಸರಿದ್ದರೆ ಅದು ನಕಲಿ ಎಂದು ಅನುಮಾನಿಸಿ. ಬಿಲ್ಲು ಬಿಡಬೇಡಿ. ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಬದಲಿ ಪ್ಯಾಡ್ ಸಿಗುತ್ತದೆಯೇ ಎಂದೂ ಅಲ್ಲೇ ಕೇಳಿ. ಅಗ್ಗದ ಕೃತಕ ಚರ್ಮ ಬೆವರಿಗೆ ಒಂದೆರಡು ವರ್ಷದಲ್ಲಿ ಕಪ್ಪು ಸಿಪ್ಪೆಯಾಗಿ ಉದುರುತ್ತದೆ, ಕಿವಿಗೆಲ್ಲ ಅಂಟುತ್ತದೆ. ಕೇಳಿ ಮುಗಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿಟ್ಟರೆ ಇನ್ನಷ್ಟು ದಿನ ಬಾಳುತ್ತದೆ.

ಮನೆಗೆ ತಂದ ಮೇಲೆ ಮೊದಲ ದಿನವೇ ಒಂದು ಕೆಲಸ ಮಾಡಿ. ಫಜ್ರ್ ನಂತರ ಮನೆ ಶಾಂತವಾಗಿರುವಾಗ ಹೆಡ್‌ಫೋನ್ ಹಾಕಿ, ಮಾತು ಸ್ಪಷ್ಟವಾಗಿ ಕೇಳುವಷ್ಟಕ್ಕೆ ಧ್ವನಿ ನಿಲ್ಲಿಸಿ, ಆ ಗೆರೆ ಎಲ್ಲಿದೆಯೆಂದು ಮಕ್ಕಳಿಗೆ ತೋರಿಸಿ. ಸಂಜೆ ಗದ್ದಲವಿದ್ದಾಗಲೂ ಅದಕ್ಕಿಂತ ಒಂದೆರಡು ಗೆರೆ ಮೇಲೆ ಹೋಗುವಂತಿಲ್ಲ. ಅನೇಕ ಫೋನುಗಳ ಸೆಟ್ಟಿಂಗಿನಲ್ಲಿ ಈ ಮಿತಿಯನ್ನು ಬೀಗ ಹಾಕಿಡಲೂ ಬರುತ್ತದೆ.

ಕಿವಿ ಮುಚ್ಚಿದರೆ ಮನೆಯೂ ಕೇಳಿಸುವುದಿಲ್ಲ ಎಂಬುದು ನೆನಪಿರಲಿ. ಒಲೆಯ ಮೇಲೆ ಹಾಲಿಟ್ಟಾಗ, ತೊಟ್ಟಿಲಲ್ಲಿ ಮಗು ಮಲಗಿರುವಾಗ ಒಂದು ಬಟ್ಟಲನ್ನು ಕಿವಿಯ ಹಿಂದಕ್ಕೆ ಸರಿಸಿಕೊಂಡೇ ಕೇಳಿ. ರಸ್ತೆ ದಾಟುವಾಗ ಹೆಡ್‌ಫೋನ್ ಚೀಲದೊಳಗೇ ಇರಲಿ.