ನಂಬರಿನ ಬೆಲೆ ಓದುವವನಿಗೆ ಗೊತ್ತು

ಕಲ್ಲಿಕೋಟೆಯಿಂದ ಹೊರಟು ಗುಂಡ್ಲುಪೇಟೆ, ನಂಜನಗೂಡು, ಮೈಸೂರು, ತಿ.ನರಸೀಪುರ ಹಾದು ಕೊಳ್ಳೇಗಾಲ ಸೇರುವ ರಾಷ್ಟ್ರೀಯ ಹೆದ್ದಾರಿ 766 ನಮ್ಮ ಭಾಗದ ವಿದ್ಯಾರ್ಥಿಗಳಿಗೆ ದಿನನಿತ್ಯದ ದಾರಿ. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿದರೆ ನಂಬರ್ ಪ್ಲೇಟ್ ಓದುವುದೇ ಹೊತ್ತು ಕಳೆಯುವ ಆಟ. ಕೆಎ 09 ಎಂದರೆ ಮೈಸೂರು ಪಶ್ಚಿಮ, ಕೆಎ 55 ಎಂದರೆ ಮೈಸೂರು ಪೂರ್ವ, ಕೆಎ 10 ಚಾಮರಾಜನಗರ. ಕೆಎಲ್ ಕಂಡರೆ ವಯನಾಡಿನ ಕಡೆಯಿಂದ ಬಂದ ಗಾಡಿ ಎಂದುಕೊಳ್ಳುತ್ತೇವೆ. ಇವುಗಳ ನಡುವೆ ನುಗ್ಗಿ ಬರುತ್ತವೆ ನಮ್ಮ ಹುಡುಗರ ಬೈಕುಗಳು. ಒಂದರ ಮೇಲೆ 8055 ಎಂದು ಬಾಗಿಸಿ ಬರೆದು ಇಂಗ್ಲಿಷಿನ ‘ಬಾಸ್’ ಎಂದು ಓದಿಸುವ ಸಾಹಸ. ಇನ್ನೊಂದರಲ್ಲಿ ‘ಅಪ್ಪನ ಆಶೀರ್ವಾದ’ ದೊಡ್ಡದಾಗಿ, ನಂಬರ್ ಇರುವೆಯಷ್ಟು. ಮತ್ತೊಂದರ ಪ್ಲೇಟು ಮಡ್‌ಗಾರ್ಡಿನ ಒಳಗೆ ಮಡಚಿಕೊಂಡು ಆಕಾಶ ನೋಡುತ್ತಿರುತ್ತದೆ.

ಕಾಲೇಜಿನ ಪಾರ್ಕಿಂಗ್‌ನಲ್ಲಿ ಈ ವಿಷಯಕ್ಕೆ ಸಿಗುವಷ್ಟು ಗಮನ ಪರೀಕ್ಷೆಯ ವೇಳಾಪಟ್ಟಿಗೂ ಸಿಗುವುದಿಲ್ಲ. ಯಾವ ನಂಬರ್ ಸಿಕ್ಕಿತು, ಕೂಡಿದರೆ ಎಷ್ಟು ಬರುತ್ತದೆ, ಎಷ್ಟು ಕೊಟ್ಟೆ? ಕೊನೆಯ ಪ್ರಶ್ನೆಗೆ ಉತ್ತರ ಹೆಚ್ಚಾದಷ್ಟೂ ಗೌರವ ಹೆಚ್ಚು. ಆದರೆ ನಂಬರಿಗೆ ಕೊಟ್ಟ ದುಡ್ಡು ಬೇರೆ, ನಂಬರಿಗೆ ಇರುವ ಬೆಲೆ ಬೇರೆ.

ಹರಾಜಿನ ಮನೆಯಲ್ಲಿ

ಮೊದಲು ದುಡ್ಡಿನ ಲೆಕ್ಕ. ಆಕರ್ಷಕ ಸಂಖ್ಯೆಗಳನ್ನು ಸರ್ಕಾರವೇ ಹರಾಜು ಹಾಕುತ್ತದೆ. ಅದು ಕಾನೂನುಬದ್ಧ ದಾರಿ. 2025ರ ಏಪ್ರಿಲ್‌ನಲ್ಲಿ ಪಕ್ಕದ ಕೇರಳದ ಎರ್ನಾಕುಳಂನಲ್ಲಿ ‘ಕೆಎಲ್ 07 ಡಿಜಿ 0007’ ಎಂಬ ಸಂಖ್ಯೆ 45.99 ಲಕ್ಷ ರೂಪಾಯಿಗೆ ಹೋಯಿತು. ಕೂಗು ಶುರುವಾದದ್ದು 25,000 ರೂಪಾಯಿಯಿಂದ. ಅದೇ ವರ್ಷ ನವೆಂಬರ್‌ನಲ್ಲಿ ಹರಿಯಾಣದ ‘ಎಚ್‌ಆರ್ 88 ಬಿ 8888’ ಸಂಖ್ಯೆಯ ಕೂಗು 1.17 ಕೋಟಿ ರೂಪಾಯಿ ಮುಟ್ಟಿತು. ಇಂಗ್ಲಿಷಿನ ‘ಬಿ’ ಅಕ್ಷರವೂ ಎಂಟರಂತೆಯೇ ಕಾಣುವುದರಿಂದ ಸಾಲು ಎಂಟುಗಳ ಮೋಹ. ನಮ್ಮ ಕಡೆ ಎಂಟು ಎಂದರೆ ಶನಿಯ ಸಂಖ್ಯೆ, ಕೂಡಿದಾಗ ಎಂಟು ಬರದಿದ್ದರೆ ಸಾಕಪ್ಪಾ ಎನ್ನುವವರೇ ಜಾಸ್ತಿ. ಇಲ್ಲಿ ಬೇಡವಾದದ್ದಕ್ಕೆ ಅಲ್ಲಿ ಕೋಟಿ. ಆ ಕಥೆಗೆ ಇನ್ನೊಂದು ತಿರುವೂ ಇದೆ. ಕೂಗಿದವರು ಗಡುವಿನೊಳಗೆ ಹಣ ಕಟ್ಟಲಿಲ್ಲ. ಠೇವಣಿ ಹೋಯಿತು, ಅವರ ಆಸ್ತಿಯ ಬಗ್ಗೆಯೇ ತನಿಖೆಗೆ ಅಲ್ಲಿನ ಸಾರಿಗೆ ಸಚಿವರು ಸೂಚಿಸಿದರು.

ಹೊರದೇಶದ ಲೆಕ್ಕ ಇನ್ನೂ ದೊಡ್ಡದು. 2023ರ ಏಪ್ರಿಲ್‌ನಲ್ಲಿ ದುಬೈನಲ್ಲಿ ‘ಪಿ 7’ ಎಂಬ ಪ್ಲೇಟ್ 5.5 ಕೋಟಿ ದಿರ್ಹಮ್‌ಗೆ ಮಾರಾಟವಾಯಿತು. ನಮ್ಮ ರೂಪಾಯಿಯಲ್ಲಿ ನೂರಿಪ್ಪತ್ತು ಕೋಟಿಗೂ ಮಿಗಿಲು. ಆ ಹರಾಜಿನ ಹಣ ಹಸಿದವರಿಗೆ ಊಟ ಕೊಡುವ ನಿಧಿಗೆ ಹೋಯಿತು. ಬ್ರಿಟನ್, ದುಬೈಗಳಲ್ಲಿ ನಂಬರನ್ನು ಕೊಂಡವರು ಅದನ್ನು ಇನ್ನೊಬ್ಬರಿಗೆ ಮಾರಲೂಬಹುದು. ಅಲ್ಲಿ ಅದು ಸೈಟು, ಚಿನ್ನದ ಹಾಗೆ ಒಂದು ಆಸ್ತಿ. ನಮ್ಮಲ್ಲಿ ಹಾಗಿಲ್ಲ. ನಂಬರನ್ನಷ್ಟೇ ಬಿಚ್ಚಿ ಸಂತೆಯಲ್ಲಿಟ್ಟು ಮಾರುವಂತಿಲ್ಲ. ಹಾಗಾಗಿ ‘ಇನ್ವೆಸ್ಟ್‌ಮೆಂಟ್ ಮಗಾ’ ಎನ್ನುವ ಗೆಳೆಯರ ಮಾತಿಗೆ ಇಲ್ಲಿ ಅರ್ಥವಿಲ್ಲ. ಅದು ಖರ್ಚು, ಅಷ್ಟೇ.

ಇದ್ದವರು ಖರ್ಚು ಮಾಡಲಿ. ಆ ದುಡ್ಡು ಸರ್ಕಾರದ ಖಜಾನೆಗೆ ಸೇರುತ್ತದೆ, ಯಾರಿಗೂ ಹೊರೆಯಲ್ಲ. ತೊಂದರೆ ಇರುವುದು ಸಾಲದ ಬೈಕಿಗೆ ಫ್ಯಾನ್ಸಿ ನಂಬರ್ ಹುಡುಕುವ ನಮ್ಮಂಥವರದ್ದು. ಕರ್ನಾಟಕದಲ್ಲಿ ಒಂದು ಲಕ್ಷ ರೂಪಾಯಿಗಿಂತ ಹೆಚ್ಚು ಬೆಲೆಯ ಬೈಕಿಗೆ ಶೇ 18ರಷ್ಟು ಜೀವಿತಾವಧಿ ತೆರಿಗೆ ಇದೆ. ಅದರ ಮೇಲೆ ವಿಮೆ, ಸಾಲದ ಕಂತು. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಗುತ್ತಿಗೆ ಕೆಲಸಕ್ಕೆ ಹೋಗುವ ಹುಡುಗನ ಸಂಬಳದಲ್ಲಿ ಇಷ್ಟನ್ನು ಹೊಂದಿಸುವುದೇ ಕಷ್ಟ. ಇದರ ನಡುವೆ ‘ಒಳ್ಳೆ ನಂಬರ್ ಮಾಡಿಸಿಕೊಡ್ತೀನಿ’ ಎಂದು ರಸೀದಿ ಇಲ್ಲದೆ ಕೈಚಾಚುವ ಮಧ್ಯವರ್ತಿಗಳು ಬೇರೆ. ಬೇಕೇ ಬೇಕು ಎನ್ನುವವರು ಸಾರಿಗೆ ಇಲಾಖೆಗೆ ನೇರವಾಗಿ ಅರ್ಜಿ ಹಾಕಿ, ಶುಲ್ಕ ಕಟ್ಟಿ, ರಸೀದಿ ಪಡೆಯಲಿ. ರಸೀದಿ ಇಲ್ಲದೆ ಕೊಟ್ಟ ದುಡ್ಡನ್ನು ಕೇಳಲು ಹೋಗುವ ಜಾಗ ಇರುವುದಿಲ್ಲ.

ರೇಡಿಯಂ ಅಂಗಡಿಯ ಮುಂದೆ

ಹರಾಜಿಗೆ ಹೋಗಲಾಗದವರ ಫ್ಯಾನ್ಸಿ ಎಂದರೆ ರೇಡಿಯಂ ಅಂಗಡಿ. ನಂಬರ್ ಮಾಮೂಲಿ, ಅಕ್ಷರ ಮಾತ್ರ ಸ್ಟೈಲು. ಖರ್ಚು ಕೆಲವು ನೂರು ರೂಪಾಯಿ. ಹರಾಜಿನ ಫ್ಯಾನ್ಸಿ ಕಾನೂನಿನೊಳಗೆ ಇದ್ದರೆ, ಈ ಫ್ಯಾನ್ಸಿ ಅದರ ಹೊರಗೆ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಅಕ್ಷರದ ಅಳತೆಯನ್ನೂ ಹೇಳಿವೆ. ಕಾರು, ಲಾರಿಯಂಥ ವಾಹನಗಳಿಗೆ ಅಕ್ಷರದ ಎತ್ತರ 65 ಮಿಲಿಮೀಟರ್, ದಪ್ಪ 10, ನಡುವಿನ ಜಾಗ 10. ಬೈಕಿನ ಹಿಂಬದಿ ಪ್ಲೇಟಿನಲ್ಲಿ ಅಕ್ಷರ 35, ಅಂಕಿ 40 ಮಿಲಿಮೀಟರ್. ಅಕ್ಷರಗಳು ಇಂಗ್ಲಿಷಿನಲ್ಲಿ, ಅಂಕಿಗಳು 1, 2, 3 ಎಂಬ ರೂಪದಲ್ಲೇ ಇರಬೇಕು. ಹೀಗಾಗಿ ಕನ್ನಡ ಅಂಕಿ ಮಾತ್ರ ಇರುವ ಪ್ಲೇಟು ನೋಡಲು ಹೆಮ್ಮೆ ಎನಿಸಿದರೂ ನಿಯಮಕ್ಕೆ ಒಪ್ಪುವುದಿಲ್ಲ. ನಮ್ಮ ಹೆದ್ದಾರಿಯಲ್ಲಿ ನಮ್ಮ ಹಿಂದೆ ಬರುವವನು ಮಲಯಾಳಿಯೋ ತಮಿಳನೋ ಆಗಿರಬಹುದು. ಅವನಿಗೂ ಓದಲು ಬರಬೇಕು. ಕನ್ನಡದ ಅಭಿಮಾನ ತೋರಲು ಗಾಡಿಯಲ್ಲಿ ಬೇರೆ ಜಾಗ ಬೇಕಾದಷ್ಟಿದೆ.

2019ರ ಏಪ್ರಿಲ್ 1ರಿಂದ ಹೊಸ ಗಾಡಿಗಳಿಗೆ ಅತಿ ಸುರಕ್ಷಿತ ನೋಂದಣಿ ಫಲಕ, ಅಂದರೆ ಎಚ್‌ಎಸ್‌ಆರ್‌ಪಿ, ಕಡ್ಡಾಯ. ಅದಕ್ಕೂ ಹಿಂದಿನ ಗಾಡಿಗಳಿಗೂ ಅಳವಡಿಸಬೇಕೆಂದು ಕರ್ನಾಟಕ ಸರ್ಕಾರ 2023ರ ಆಗಸ್ಟ್‌ನಲ್ಲಿ ಆದೇಶಿಸಿತು. ಮೊದಲ ಗಡುವು ಆ ವರ್ಷದ ನವೆಂಬರ್ 17. ಆಮೇಲೆ ಗಡುವು ಮುಂದೆ ಹೋಗುತ್ತಲೇ ಇದ್ದದ್ದು ಎಲ್ಲರಿಗೂ ಗೊತ್ತು. ಅಲ್ಯೂಮಿನಿಯಂ ತಗಡು, ಅಶೋಕ ಚಕ್ರದ ಹಾಲೊಗ್ರಾಂ, ಲೇಸರ್‌ನಲ್ಲಿ ಕೆತ್ತಿದ ಗುರುತಿನ ಸಂಖ್ಯೆ, ಒಮ್ಮೆ ಹಾಕಿದರೆ ಮುರಿಯದೆ ಬಿಚ್ಚಲಾಗದ ಲಾಕ್. ಕದ್ದ ಬೈಕಿಗೆ ಬೇರೆ ನಂಬರ್ ಅಂಟಿಸುವುದನ್ನು ಕಷ್ಟವಾಗಿಸುವುದೇ ಇದರ ಉದ್ದೇಶ.

ಈ ಬದಲಾವಣೆಗೆ ಬೆಲೆ ತೆತ್ತವರು ನಂಬರ್ ಬರೆಯುವ ಪೇಂಟರ್‌ಗಳು, ರೇಡಿಯಂ ಕತ್ತರಿಸುವವರು. ಹೊಸ ಗಾಡಿ ಷೋರೂಮಿನಿಂದಲೇ ಪ್ಲೇಟ್ ಹಾಕಿಕೊಂಡು ಬರುವುದರಿಂದ ಅವರ ಬಳಿ ಹೋಗುವವರು ಕಡಿಮೆಯಾದರು. ನರಸೀಪುರದಲ್ಲಿ ಹಿಂದೆ ನಂಬರ್ ಬರೆಯುತ್ತಿದ್ದ ಹಿರಿಯರೊಬ್ಬರು ಈಗ ಅಂಗಡಿ ಬೋರ್ಡು, ಹಬ್ಬದ ಬ್ಯಾನರಿನ ಕೆಲಸ ನಂಬಿಕೊಂಡಿದ್ದಾರೆ. ಹುಡುಗರು ಬಂದು ‘ಅಣ್ಣಾ, ಸ್ವಲ್ಪ ಡಿಸೈನಾಗಿ ಬರ್ಕೊಡಿ’ ಎಂದಾಗ ಅವರು ಹೇಳುತ್ತಿದ್ದ ಮಾತು ಇಷ್ಟು: ‘ನಂಬರ್ ನಿನ್ಗೋಸ್ಕರ ಬರೆಯೋದಲ್ಲ ಕಣಪ್ಪ, ಹಿಂದೆ ಬರೋನಿಗೋಸ್ಕರ ಬರೆಯೋದು.’

ಓದಲಾಗದ ನಂಬರಿನ ಲೆಕ್ಕ

ಆ ಮಾತಿನ ತೂಕ ತಿಳಿಯಬೇಕಾದರೆ ಅಪಘಾತದ ಲೆಕ್ಕ ನೋಡಬೇಕು. ನೋಂದಣಿ ಫಲಕ ಸರಿ ಇಲ್ಲದಿದ್ದರೆ ದಂಡ ಮೊದಲ ಸಲ 500 ರೂಪಾಯಿ ತನಕ, ಮತ್ತೆ ಸಿಕ್ಕಿದರೆ 1,500ರ ತನಕ. ‘ಅಷ್ಟೇ ತಾನೆ’ ಎಂದು ನಾವು ನಗುತ್ತೇವೆ. ನಿಜವಾದ ನಷ್ಟ ಪ್ಲೇಟು ಹಾಕಿಸಿಕೊಂಡವನಿಗಲ್ಲ, ಅವನ ಗಾಡಿ ತಾಗಿ ಬಿದ್ದವನಿಗೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. 22 ವರ್ಷದ, ಮದುವೆಯಾಗದ ಒಬ್ಬ ಹುಡುಗ. ಕಾರ್ಖಾನೆಯಲ್ಲಿ ನಿಗದಿ ಸಂಬಳದ ಕೆಲಸ, ತಿಂಗಳಿಗೆ 15,000 ರೂಪಾಯಿ. ರಾತ್ರಿ ಪಾಳಿ ಮುಗಿಸಿ ಬರುವಾಗ ಯಾವುದೋ ಗಾಡಿ ಗುದ್ದಿ ನಿಲ್ಲದೆ ಹೋಯಿತು. ಅವನು ಉಳಿಯಲಿಲ್ಲ. ಗುದ್ದಿದ ಗಾಡಿ ಯಾವುದೆಂದು ಪತ್ತೆಯಾಗದಿದ್ದರೆ, 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಕೇಂದ್ರದ ‘ಹಿಟ್ ಅಂಡ್ ರನ್’ ಯೋಜನೆಯಡಿ ಮನೆಯವರಿಗೆ ಸಿಗುವ ಪರಿಹಾರ 2 ಲಕ್ಷ ರೂಪಾಯಿ. ತೀವ್ರ ಗಾಯವಾಗಿ ಬದುಕುಳಿದರೆ 50,000 ರೂಪಾಯಿ. ಅದಕ್ಕೂ ಮೊದಲು ಈ ಮೊತ್ತ 25,000 ಮತ್ತು 12,500 ಇತ್ತು.

ಗಾಡಿಯ ನಂಬರ್ ಯಾರಾದರೂ ಓದಿದ್ದರೆ? ಆಗ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಗಾಡಿಯ ಮಾಲೀಕ ಮತ್ತು ವಿಮಾ ಕಂಪನಿಯ ವಿರುದ್ಧ ಅರ್ಜಿ ಹಾಕಬಹುದು. ಅಲ್ಲಿನ ಲೆಕ್ಕಕ್ಕೆ ಸುಪ್ರೀಂ ಕೋರ್ಟ್ 2009ರ ಸರಳಾ ವರ್ಮಾ ಮತ್ತು 2017ರ ಪ್ರಣಯ್ ಸೇಥಿ ಪ್ರಕರಣಗಳಲ್ಲಿ ಸೂತ್ರ ಹಾಕಿಕೊಟ್ಟಿದೆ. ನಿಗದಿ ಸಂಬಳದ, 40 ವರ್ಷದೊಳಗಿನವರಿಗೆ ಮುಂದಿನ ಏಳಿಗೆಯ ಬಾಬ್ತು ಶೇ 40 ಸೇರಿಸಬೇಕು. 15,000 ಇದ್ದದ್ದು 21,000 ಆಯಿತು. ಅವಿವಾಹಿತನಾದ್ದರಿಂದ ಅವನ ಸ್ವಂತ ಖರ್ಚಿಗೆ ಸಾಮಾನ್ಯವಾಗಿ ಅರ್ಧ ಕಳೆಯುತ್ತಾರೆ. ಉಳಿದದ್ದು 10,500. ವರ್ಷಕ್ಕೆ 1,26,000. ಆ ವಯಸ್ಸಿಗೆ ಗುಣಕ 18. ಒಟ್ಟು 22,68,000 ರೂಪಾಯಿ. ತಪ್ಪು ಯಾರದು, ಎಷ್ಟು ಎಂಬುದರ ಮೇಲೆ ಮೊತ್ತ ಹೆಚ್ಚು ಕಡಿಮೆಯಾಗಬಹುದು. ಆದರೂ 2 ಲಕ್ಷ ಎಲ್ಲಿ, 22 ಲಕ್ಷ ಎಲ್ಲಿ!

ಮಗನ ಸಂಬಳವನ್ನೇ ನಂಬಿದ್ದ ಮನೆಗೆ ಇದು ದೊಡ್ಡ ವ್ಯತ್ಯಾಸ. ತಂಗಿಯ ಓದು, ಅಮ್ಮನ ಔಷಧಿ, ಗದ್ದೆ ಮೇಲಿನ ಸಾಲ ಎಲ್ಲವೂ ಇದರ ಮೇಲೆ ನಿಂತಿರುತ್ತದೆ. ಆ ಇಪ್ಪತ್ತು ಲಕ್ಷದ ಅಂತರ ತೀರ್ಮಾನವಾಗುವುದು ಒಂದೇ ಪ್ರಶ್ನೆಯಲ್ಲಿ: ಹಿಂದೆ ಬರುತ್ತಿದ್ದವನಿಗೆ ನಂಬರ್ ಓದಲು ಬಂತೇ? ಜಗತ್ತಿನ ದುಬಾರಿ ಪ್ಲೇಟು ದುಬೈನಲ್ಲಿರಬಹುದು. ನಮ್ಮ ರಸ್ತೆಗಳ ದುಬಾರಿ ಪ್ಲೇಟು ಮಾತ್ರ ಓದಲು ಬಾರದ ಪ್ಲೇಟು.

ನರಸೀಪುರದವರಿಗೆ ತೂಕದ ವಿಷಯ ಹೊಸದಲ್ಲ. ನಮ್ಮ ಗುಂಜಾ ನರಸಿಂಹಸ್ವಾಮಿಯ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿಯಷ್ಟು ಹೆಚ್ಚು ಎಂದು ಹಿರಿಯರು ಹೇಳುತ್ತಾ ಬಂದಿದ್ದಾರೆ. ಸಣ್ಣದೊಂದು ಕಾಳು ತಕ್ಕಡಿಯನ್ನು ವಾಲಿಸಬಲ್ಲದು ಎಂಬುದು ಅದರಲ್ಲಿರುವ ತಿಳಿವು. ನೆಟ್ಟಗೆ, ಅಳತೆಗೆ ತಕ್ಕಂತೆ ಇರುವ 40 ಮಿಲಿಮೀಟರ್‌ನ ಅಂಕಿಯೂ ಅಂಥದ್ದೇ ಒಂದು ಕಾಳು.

ನಾವು ಮಾಡಬಹುದಾದದ್ದು

ಹೊಸದಾಗಿ ಕೆಲಸಕ್ಕೆ ಸೇರಿ ಬೈಕು ಕೊಳ್ಳುವ ಗೆಳೆಯರು ನಂಬರಿಗಿಟ್ಟ ದುಡ್ಡನ್ನು ಎಲ್ಲಿ ಹಾಕಬಹುದು ಎಂದು ಯೋಚಿಸಲಿ. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದಂತೆ 75ರಿಂದ 150 ಸಿಸಿ ಬೈಕಿನ ಮೂರನೇ ವ್ಯಕ್ತಿ ವಿಮೆಗೆ ವರ್ಷಕ್ಕೆ 714 ರೂಪಾಯಿ, ಜಿಎಸ್‌ಟಿ ಬೇರೆ. ಈ ವಿಮೆ ತಪ್ಪಿದರೆ ನಂಬರ್ ಸಿಕ್ಕರೂ ಪರಿಹಾರದ ಹೊರೆ ನಮ್ಮ ಮನೆಯ ಮೇಲೆ ಬೀಳುತ್ತದೆ. ಅಪ್ಪನ ಜಮೀನಿಗೂ ಕುತ್ತು ಬರಬಹುದು.

ಹಳೆ ಗಾಡಿ ಕೊಳ್ಳುವಾಗ ನಂಬರನ್ನು ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿ ನೋಡಿ. ಮಾದರಿ, ನೋಂದಣಿ ದಿನಾಂಕ, ವಿಮೆಯ ಅವಧಿ ಸಿಗುತ್ತವೆ. ಆರ್‌ಸಿಯಲ್ಲಿರುವ ಚಾಸಿಸ್ ಮತ್ತು ಎಂಜಿನ್ ಸಂಖ್ಯೆಗಳನ್ನು ಗಾಡಿಯ ಮೇಲಿರುವುದಕ್ಕೆ ತಾಳೆ ಹಾಕಿ. ಬೇರೆ ಬೇರೆ ರಾಜ್ಯಗಳಿಗೆ ವರ್ಗವಾಗುವ ಕೇಂದ್ರ ಸರ್ಕಾರಿ ಕೆಲಸಕ್ಕೆ ತಯಾರಿ ನಡೆಸುತ್ತಿರುವವರು 2021ರಲ್ಲಿ ಬಂದ ಬಿಎಚ್ ಸರಣಿಯ ಬಗ್ಗೆ ತಿಳಿದಿರಲಿ. ರಾಜ್ಯ ಬದಲಾದಾಗ ಮತ್ತೆ ನೋಂದಣಿ ಮಾಡಿಸುವ ತಾಪತ್ರಯ ಇರದು. ಅದರಲ್ಲಿ ಸಂಖ್ಯೆ ಕಂಪ್ಯೂಟರ್ ಕೊಟ್ಟದ್ದು, ಆಯ್ಕೆಯಿಲ್ಲ. ಸಂಖ್ಯಾಶಾಸ್ತ್ರಕ್ಕೆ ಅಲ್ಲಿ ರಜೆ.

ಕಡಕೊಳದ ಬಳಿ ನಮ್ಮ ಕಣ್ಣೆದುರೇ ಬೈಕು ತಯಾರಾಗುವ ಕಾರ್ಖಾನೆ ಇದೆ. ಅಲ್ಲಿಂದ ಲಾರಿಯಲ್ಲಿ ಸಾಲಾಗಿ ಹೋಗುವ ಹೊಸ ಬೈಕುಗಳಿಗೆ ಇನ್ನೂ ನಂಬರ್ ಇರುವುದಿಲ್ಲ. ಬಣ್ಣ, ಮಾದರಿ ಒಂದೇ ಆದರೆ ಎಲ್ಲವೂ ಒಂದೇ. ನಂಬರ್ ಬಿದ್ದ ದಿನವೇ ಅದು ಒಬ್ಬರ ಗಾಡಿಯಾಗುತ್ತದೆ, ಅದರ ಒಳಿತು ಕೆಡುಕಿಗೆ ಒಬ್ಬರು ಹೊಣೆಯಾಗುತ್ತಾರೆ. ಆ ಹೊಣೆಯನ್ನು ಮಡಚಿ, ಬಾಗಿಸಿ, ಸ್ಟಿಕ್ಕರ್ ಅಂಟಿಸಿ ಮುಚ್ಚಿಕೊಳ್ಳುವವನು ಬಾಸ್ ಹೇಗಾದಾನು? ಈ ವಾರ ಗಾಡಿ ತೊಳೆಯುವಾಗ ಪ್ಲೇಟಿನ ಮೇಲಿನ ಕೆಸರನ್ನೂ ಒರೆಸಿ. ಇಪ್ಪತ್ತು ಹೆಜ್ಜೆ ಹಿಂದೆ ನಿಂತು ಓದಿ ನೋಡಿ. ಓದಲು ಬಂದರೆ ಸಾಕು, ಅದು ಒಳ್ಳೆ ನಂಬರೇ.